ನಾಣ್ಯದ ಆಲ್ಬಮ್ ಕೊಳ್ಳುವ ಮುನ್ನ ಓದಿ: ಹೊಚ್ಚಹೊಸ ನಾಣ್ಯಗಳಿಗೆ ಕಿಲುಬು ಹಿಡಿಸಿದ ಹಾಳೆಗಳು

ದಾವಣಗೆರೆಯಲ್ಲಿ ನಾಣ್ಯ ಕೂಡಿಡುವ ಹವ್ಯಾಸ ಇರುವವರೆಲ್ಲ ದಯವಿಟ್ಟು ಇದನ್ನು ಓದಿ. ಮೆತ್ತಗೆ ಬಳುಕುವ, ಹೊಸ ರೇನ್‌ಕೋಟಿನಂತೆ ವಾಸನೆ ಹೊಡೆಯುವ ಪ್ಲಾಸ್ಟಿಕ್ ಹಾಳೆಗಳ ಆಲ್ಬಮ್ಮನ್ನು ಯಾರು ಎಷ್ಟೇ ಹೊಗಳಿ ಕೊಟ್ಟರೂ ಕೊಳ್ಳಬೇಡಿ. ನನ್ನ ಸಂಗ್ರಹದ ಅರ್ಧಕ್ಕರ್ಧ ಅದರಿಂದಲೇ ಹಾಳಾಯಿತು. ಮಾರಿದವರಿಗೆ ಅದು ಹಾಳು ಮಾಡುತ್ತದೆಂದು ಗೊತ್ತಿತ್ತು. ಗೊತ್ತಿದ್ದೂ ಮಾರಿದರು. ನನಗೆ ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.

ನಾನು ಹಳೆಯ ಕಾಲದ ನಾಣ್ಯಗಳ ಹಿಂದೆ ಬಿದ್ದವನಲ್ಲ. ಟಂಕಸಾಲೆಯಿಂದ ಬಂದ ಚೀಲವನ್ನು ಬ್ಯಾಂಕಿನಲ್ಲಿ ಬಿಚ್ಚಿದಾಗ ಸಿಗುವ ಹೊಸ ನಾಣ್ಯಗಳನ್ನು, ಅವು ಬಸ್ಸು, ಸಂತೆ, ಹುಂಡಿ ಸುತ್ತಿ ಸವೆಯುವ ಮೊದಲೇ ಎತ್ತಿಡುವವನು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ನಮ್ಮ ಭಾವ ಇದಕ್ಕೆ ನೆರವಾಗುತ್ತಾರೆ. ನಾನು ನೋಟು ಕೊಡುತ್ತೇನೆ, ಅವರು ಅಷ್ಟೇ ಮೊತ್ತದ ಹೊಸ ನಾಣ್ಯ ಕೊಡುತ್ತಾರೆ. ಚೀಲದೊಳಗೇ ನಾಣ್ಯಗಳು ಒಂದಕ್ಕೊಂದು ತಾಗಿ ಗೀರು ಬಿದ್ದಿರುತ್ತವೆ. ಗೀರಿಲ್ಲದ್ದನ್ನು ಹುಡುಕಿ, ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂದು ವಿಂಗಡಿಸಿ ಇಡುವುದು ಎಷ್ಟು ತಾಳ್ಮೆಯ ಕೆಲಸವೆಂದು ಮಾಡಿದವರಿಗೇ ಗೊತ್ತು. 2022ರ ಜೂನ್‌ನಲ್ಲಿ ಬಿಡುಗಡೆಯಾದ, ಸ್ವಾತಂತ್ರ್ಯದ ಅಮೃತ ಮಹೋತ್ಸವದ ನಾಣ್ಯಗಳು, ಒಂದರಿಂದ ಇಪ್ಪತ್ತು ರೂಪಾಯಿವರೆಗೆ, ನನಗೆ ಬಹಳ ಅಚ್ಚುಮೆಚ್ಚು. ಅವನ್ನೆಲ್ಲ ಒಂದೇ ಕಡೆ ಜೋಡಿಸಲೆಂದು ಆಲ್ಬಮ್ ಹುಡುಕಿಕೊಂಡು ಹೋದೆ.

ಅಂಗಡಿಯ ಹೆಸರು ಬರೆಯುವುದಿಲ್ಲ. ಹಳೆಯ ನೋಟು, ನಾಣ್ಯ, ಅಂಚೆಚೀಟಿ ಮಾರುವ ಅಂಗಡಿ. ಆಲ್ಬಮ್ ಬಿಚ್ಚಿದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ಕೇಳಿದೆ, ಇದೇನು ವಾಸನೆ ಎಂದು. "ಹೊಸ ಮಾಲು ಸರ್, ನಾಲ್ಕು ದಿನ ಗಾಳಿಗಿಟ್ಟರೆ ಹೋಗುತ್ತದೆ" ಎಂದರು. ನಾಣ್ಯಕ್ಕೆ ಏನೂ ಆಗುವುದಿಲ್ಲ ತಾನೇ ಎಂದು ಬಾಯಿಬಿಟ್ಟು ಕೇಳಿದೆ. "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತವೆ" ಎಂದರು. ಇದೇ ಮಾತು, ಅಕ್ಷರಶಃ ಇದೇ ಮಾತು.

ಒಂದು ಬೇಸಿಗೆ ಕಳೆಯಿತು. ನಮ್ಮೂರಿನ ಬಿಸಿಲು ಗೊತ್ತಲ್ಲ, ಕಬ್ಬಿಣದ ಬೀರು ಮುಟ್ಟಿದರೆ ಕೈ ಸುಡುತ್ತದೆ. ಭಾವ ಮನೆಗೆ ಬಂದಾಗ ಸಂಗ್ರಹ ತೋರಿಸೋಣವೆಂದು ಹೆಮ್ಮೆಯಿಂದ ಆಲ್ಬಮ್ ತೆಗೆದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಐದು ರೂಪಾಯಿ ನಾಣ್ಯವನ್ನು ಅಂಚು ಹಿಡಿದು ಎಳೆದರೆ ಎಣ್ಣೆ ಸವರಿದ ಹಾಗೆ ಜಿಗುಟು. ಅಕ್ಷರಗಳ ಸಂದಿನಲ್ಲೆಲ್ಲ ಹಸಿರು ಕಿಲುಬು. ಹತ್ತರ ನಾಣ್ಯದ ಹೊರಸುತ್ತಿನ ಹಳದಿ ಬಳೆಯೂ ಹಾಗೇ, ಇಪ್ಪತ್ತರ ನಾಣ್ಯವೂ ಹಾಗೇ. ಭಾವ ನೋಡಿ, "ಕೌಂಟರಿನಲ್ಲಿ ಜನ ಕಾಯುತ್ತಿದ್ದಾಗಲೂ ಇವನ್ನು ಆರಿಸಿಕೊಟ್ಟೆನಲ್ಲಪ್ಪ" ಎಂದಷ್ಟೇ ಹೇಳಿದರು. ತಲೆ ಎತ್ತಲಾಗಲಿಲ್ಲ ನನಗೆ.

ಮರುದಿನವೇ ಆಲ್ಬಮ್ ಹಿಡಿದು ಅಂಗಡಿಗೆ ಹೋದೆ. ಅವರ ಉತ್ತರಗಳನ್ನು ಕೇಳಿ. ಮೊದಲು, "ನಿಮ್ಮ ಕೈಬೆವರು ಸರ್." ನಾನು ಬೆರಳ ತುದಿಯನ್ನೂ ನಾಣ್ಯದ ಮುಖಕ್ಕೆ ತಾಗಿಸುವವನಲ್ಲ. ಆಮೇಲೆ, "ಈಗಿನ ನಾಣ್ಯಗಳೇ ಕಳಪೆ." ಹಾಗಾದರೆ ಅದೇ ಚೀಲದಿಂದ ಬಂದು ಕಾಗದದ ಲಕೋಟೆಯಲ್ಲಿ ಉಳಿದ ನಾಣ್ಯಗಳು ಇಂದಿಗೂ ಫಳಫಳ ಹೊಳೆಯುತ್ತಿರುವುದು ಹೇಗೆ? ಇನ್ನೊಂದು ಮಾತೂ ಕೇಳಿದೆ. ಒಂದು, ಎರಡು ರೂಪಾಯಿಯವು ಉಕ್ಕಿನವು, ಅವು ಬರೀ ಜಿಗುಟಾಗಿವೆ. ತಾಮ್ರ ಬೆರೆತವಕ್ಕೆ ಮಾತ್ರ ಹಸಿರು ಹಿಡಿದಿದೆ. ಇದು ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಈ ಹಾಳೆಯ ಕೆಲಸವಲ್ಲದೆ ಮತ್ತೇನು? ಅದನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ಪದಾರ್ಥ ಹೊರಗೆ ಜಿನುಗುತ್ತದೆ, ಶಾಖಕ್ಕೆ ಹಾಳೆಯಿಂದ ಆಮ್ಲ ಹೊರಬರುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಉತ್ತರವಿಲ್ಲ.

ಉತ್ತರದ ಬದಲು ಏನು ಮಾಡಿದರು ಗೊತ್ತೇ? ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಒಂದು ಇಪ್ಪತ್ತರ ನಾಣ್ಯ ಎತ್ತಿಕೊಂಡು, ಹಿತ್ತಾಳೆ ಪಾತ್ರೆಗೆ ಹಾಕುವ ಪುಡಿ ಹಚ್ಚಿ ಬಟ್ಟೆಯಿಂದ ಗಸಗಸ ತಿಕ್ಕಿ, "ನೋಡಿ, ಹೊಸದರಂತಾಯಿತು" ಎಂದು ಕೈಗಿಟ್ಟರು. ಹನ್ನೆರಡು ಮೂಲೆಯ ಆ ನಾಣ್ಯದ ತುಂಬ ಕೂದಲೆಳೆಯಂಥ ಗೀರುಗಳು! ಅಚ್ಚು ಬಿದ್ದಾಗ ಬರುವ ಆ ರೇಷ್ಮೆ ಹೊಳಪು ಒಮ್ಮೆ ಹೋದರೆ ಹೋಯಿತು, ಯಾರೂ ಮರಳಿಸಲಾರರು. ನಾಣ್ಯದ ವ್ಯಾಪಾರ ಮಾಡುವವರಿಗೆ ಇದು ಗೊತ್ತಿಲ್ಲವೇ?

ಆಗಲೇ ನನ್ನ ಕಣ್ಣು ಅವರ ಗಾಜಿನ ಕಪಾಟಿನ ಕಡೆ ಹೋಯಿತು. ಅವರು ಸಾವಿರಾರು ರೂಪಾಯಿಗೆ ಮಾರುವ ಬೆಳ್ಳಿ ನಾಣ್ಯಗಳು ಒಂದಾದರೂ ಈ ಹಾಳೆಯಲ್ಲಿ ಇರಲಿಲ್ಲ. ಎಲ್ಲವೂ ಗಟ್ಟಿ, ಪಾರದರ್ಶಕ ಡಬ್ಬಿಗಳಲ್ಲಿದ್ದವು. ಎಲ್ಲವೂ! ಮೋಸಹೋದೆ ಎಂದು ನನಗೆ ಖಚಿತವಾದದ್ದು ಆ ಕ್ಷಣ. ನಿಮ್ಮವನ್ನೇಕೆ ಈ ಆಲ್ಬಮ್ಮಿನಲ್ಲಿ ಇಟ್ಟಿಲ್ಲ ಎಂದು ಕೇಳಿದೆ. "ಅವು ಬೆಲೆಬಾಳುವವು ಸರ್" ಎಂದರು. ಮುಂದಿನ ಮಾತಂತೂ ಎದೆಗೆ ನಾಟಿತು: "ನಿಮ್ಮವು ಹಾಳಾದರೇನು, ಕಿರಾಣಿ ಅಂಗಡಿಯಲ್ಲಿ ಕೊಟ್ಟರೆ ಇಪ್ಪತ್ತಕ್ಕೆ ಇಪ್ಪತ್ತು ಸಿಗುತ್ತದೆ." ಹಣ ವಾಪಸ್ ಕೇಳಿದರೆ, ಬಳಸಿದ ಮಾಲು ತೆಗೆದುಕೊಳ್ಳುವುದಿಲ್ಲವಂತೆ.

ಈಗಾಗಲೇ ಇಂಥ ಹಾಳೆಯಲ್ಲಿ ಇಟ್ಟಿದ್ದರೆ ಇಂದೇ ತೆಗೆಯಿರಿ. ಜಿಗುಟನ್ನು ಶುದ್ಧ ಅಸಿಟೋನ್ ಎಂಬ ದ್ರವ ತೆಗೆಯುತ್ತದೆ. ಗಾಜಿನ ಬಟ್ಟಲಿನಲ್ಲಿ ನೆನೆಸಿ, ಕಿಟಕಿ ತೆರೆದಿಡಿ, ಬೆಂಕಿಯಿಂದ ದೂರವಿರಿ, ಒರೆಸಬೇಡಿ, ಹಾಗೇ ಒಣಗಲು ಬಿಡಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ. ಹುಣಸೆಹಣ್ಣು, ಟೂತ್‌ಪೇಸ್ಟ್ ಹತ್ತಿರವೂ ತರಬೇಡಿ. ಕಿಲುಬು ತಿಂದ ಕಲೆ ಮಾತ್ರ ಹೋಗುವುದಿಲ್ಲ, ನನ್ನವುಗಳಲ್ಲಿ ಹೋಗಿಲ್ಲ. ಹೊಸದಾಗಿ ಕೊಳ್ಳುವವರು ಮೈಲಾರ್ ಎಂಬ ತೆಳು ಪಾಲಿಯೆಸ್ಟರ್ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕಟ್ಟು ಅಥವಾ ಗಟ್ಟಿ ಡಬ್ಬಿಯನ್ನೇ ಕೇಳಿ, ಪಿವಿಸಿ ಇಲ್ಲವೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನನಗೆ ಕೊಟ್ಟದ್ದು ಅಂಗಡಿಯ ಹೆಸರೂ ಇಲ್ಲದ ಹರಿದ ಚೀಟಿ. ಮೊನ್ನೆ ಆ ದಾರಿಯಲ್ಲಿ ಹೋದಾಗ ನೋಡಿದೆ, ಅದೇ ಆಲ್ಬಮ್‌ಗಳನ್ನು ಬಾಗಿಲಲ್ಲೇ ಸಾಲಾಗಿ ತೂಗುಹಾಕಿದ್ದಾರೆ.