ಪುಸ್ತಕ, ಕಪಾಟು, ‘ಗ’: ಡಿಜಿಟಲ್ ಲೈಬ್ರರಿಗೆ ಮೂರು ಲೋಗೋ

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಡುವ ಡಿಜಿಟಲ್ ಲೈಬ್ರರಿಯೊಂದಕ್ಕೆ ಲೋಗೋ, ಬಣ್ಣ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಲೋಗೋ ಮಾಡಿದೆ: ತೆರೆದ ಪುಸ್ತಕ, ಕಪಾಟಿನಲ್ಲಿ ಸಾಲಾಗಿ ನಿಂತ ಪುಸ್ತಕಗಳು, ಸುಮ್ನೆ ಒಂದು ಅಕ್ಷರ. ದೊಡ್ಡದಾಗಿ ನೋಡಿದರೆ ಮೂರೂ ಚೆಂದವೇ. ಅದಕ್ಕೇ ಮೊದಲು ಚಿಕ್ಕದು ಮಾಡಿ ನೋಡಿದೆ, ಬ್ರೌಸರ್ ಟ್ಯಾಬ್‌ನ 16 ಪಿಕ್ಸೆಲ್ ಚೌಕದಲ್ಲಿ.

ತೆರೆದ ಪುಸ್ತಕ ಅಲ್ಲೇ ಸೋತಿತು. ಹಾಳೆಯ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಉಳಿದದ್ದು ಎರಡು ಬಾಗಿದ ರೆಕ್ಕೆ. ಪಕ್ಕದಲ್ಲಿದ್ದವರಿಗೆ ತೋರಿಸಿದೆ, ‘ಹಕ್ಕೀನಾ?’ ಅಂದರು. ಇನ್ನೊಬ್ಬರಿಗೆ ಅದು ಮೀಸೆ! ಅದೂ ಅಲ್ಲದೆ ನಿಘಂಟು, ಪಾಠದ ಆ್ಯಪ್, ಕಥೆಯ ಆ್ಯಪ್, ಎಲ್ಲಿ ನೋಡಿದರೂ ತೆರೆದ ಪುಸ್ತಕವೇ ಅಲ್ವಾ?

ಕಪಾಟಿನ ಮೇಲೆ ನನಗೆ ಪ್ರೀತಿ ಜಾಸ್ತಿ ಇತ್ತು. ಪುಸ್ತಕಕ್ಕೊಂದರಂತೆ ಐದು ಪಟ್ಟಿ, ಕೊನೆಯದು ಮಾತ್ರ ಸ್ವಲ್ಪ ವಾಲಿಕೊಂಡಿದೆ. ಪಟ್ಟಿಗೆ 2 ಪಿಕ್ಸೆಲ್, ಸಂದಿಗೆ 1, ಒಟ್ಟು 14. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ವಾಲಿದ ಪಟ್ಟಿ ಅಷ್ಟು ಚಿಕ್ಕದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಸುಕಾಯಿತು. ನೆಟ್ಟಗೆ ನಿಲ್ಲಿಸಿದೆ, ಲೆಕ್ಕಪತ್ರದ ಗ್ರಾಫ್ ಥರ ಕಂಡಿತು. ಮೊಬೈಲ್‌ನಲ್ಲಿ ಇನ್ನೊಂದು ತಕರಾರು: ಕೆಲವು ಫೋನ್‌ಗಳು ಐಕಾನನ್ನು ದುಂಡಗೆ ಕತ್ತರಿಸುತ್ತವೆ. ವೆಬ್ ಆ್ಯಪ್ ಐಕಾನ್‌ನಲ್ಲಿ ನಡುವಿನ 80% ಅಗಲದ ವೃತ್ತವಷ್ಟೇ ಗ್ಯಾರಂಟಿ. ನನ್ನ ಅಂಚಿನ ಪಟ್ಟಿಗಳ ತಲೆ ಹಾರಿಹೋಯಿತು.

ಅಕ್ಷರದಲ್ಲೂ ಮೊದಲು ಎಡವಿದೆ. ಗ್ರಂಥಾಲಯ ಅಂತ ‘ಗ್ರಂ’ ಹಾಕಿದ್ದೆ. ಕೆಳಗಿನ ಒತ್ತು ಕೊಳೆ ಮೆತ್ತಿದ ಹಾಗೆ ಕಂಡಿತು, ಸೊನ್ನೆ ಬರೀ ಚುಕ್ಕೆಯಾಯಿತು. ಎರಡನ್ನೂ ಕಿತ್ತು ‘ಗ’ ಒಂದನ್ನೇ ಉಳಿಸಿದೆ. ಕಮಾನು, ಮೇಲೊಂದು ತಲೆಕಟ್ಟು, ಒಳಗೆ ಬೇಕಾದಷ್ಟು ಖಾಲಿ ಜಾಗ. ಬಾಗಿಲಿನ ಥರವೂ ಕಾಣುತ್ತದೆ. ಅದು ನನ್ನ ಜಾಣತನ ಅಲ್ಲ, ಲಿಪಿಯದ್ದು. ವೃತ್ತದೊಳಗೂ ಸಲೀಸಾಗಿ ಕೂತಿತು. ಹಾಗಾಗಿ ಲೋಗೋ ಅದೇ.

ಬಣ್ಣದಲ್ಲಿ ಪೈಪೋಟಿ ಇದ್ದದ್ದು ಬಿಳಿ ಹಿನ್ನೆಲೆಗೂ ಕೆನೆಬಣ್ಣಕ್ಕೂ. ಹಳೆಯ ಕಾಗದದ ನೆನಪು ತರುತ್ತದೆ ಅಂತ ಕೆನೆಬಣ್ಣವೇ ಎಲ್ಲರಿಗೂ ಇಷ್ಟ. ಪುಸ್ತಕದ ವಿವರಗಳಿಗೆ 767676 ಎಂಬ ಸಂಕೇತದ ಬೂದು ಬಣ್ಣ ಬಳಸಿದ್ದೆ. ಸಣ್ಣ ಅಕ್ಷರಕ್ಕೆ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ, ಕನಿಷ್ಠ 4.5 ಇರಬೇಕು. ಬಿಳಿಯ ಮೇಲೆ ಇದು 4.54, ಅಂಚಿನಲ್ಲಿ ಪಾಸ್. ನನ್ನ ಕೆನೆಬಣ್ಣದ ಮೇಲೆ 4.3ಕ್ಕೆ ಇಳಿಯಿತು. ಹಿನ್ನೆಲೆ ಬಿಡಲು ಮನಸ್ಸಾಗದೆ ಬೂದನ್ನೇ ಇನ್ನಷ್ಟು ಗಾಢ ಮಾಡಿದೆ.

ಕಪಾಟಿನ ಪಟ್ಟಿಗಳನ್ನು ಮಾತ್ರ ಎಸೆಯಲಿಲ್ಲ. ಮುಖಪುಟ ಹರಿದುಹೋದ ಪುಸ್ತಕಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳ ಜಾಗದಲ್ಲಿ ಈಗ ಅವೇ ಪಟ್ಟಿಗಳು, ಸಂಪುಟಕ್ಕೆ ಒಂದರಂತೆ. ನಡುವೆ ಒಂದು ಸಂಪುಟ ಸಿಕ್ಕಿಲ್ಲ ಅಂದರೆ ಪಕ್ಕದ ಪಟ್ಟಿ ಆ ಖಾಲಿ ಜಾಗಕ್ಕೆ ವಾಲಿಕೊಂಡಿರುತ್ತದೆ.