ಪಾಪ್‌ಅಪ್ ಟ್ರೈಲರೋ, ಗಟ್ಟಿ ಗೋಡೆಯದೋ?

ಅಮೆರಿಕದಲ್ಲಿರುವ ನಮ್ಮವರು ಮಕ್ಕಳ ಜತೆ ಮೊದಲ ಸಲ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ಕಡೆ ಟ್ರೈಲರ್ (ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಮನೆ) ಎಳೆದುಕೊಂಡು ಹೊರಟಾಗ ಏಳುವ ಪ್ರಶ್ನೆ ಇದು.

ಪಾಪ್‌ಅಪ್ ಅಂದರೆ ಮಡಚಿ ಎಳೆದೊಯ್ದು, ನಿಂತಲ್ಲಿ ಬಿಚ್ಚಿಕೊಳ್ಳುವ ಕ್ಯಾನ್ವಾಸ್ ಗೋಡೆಯ ಟ್ರೈಲರ್. ಅದು ಹಗುರ. ಎಷ್ಟೋ ಸಲ ಮನೆಯ ಎಸ್‌ಯುವಿಯೇ ಸಾಕು. ಆದರೆ ಹೋದಲ್ಲೆಲ್ಲ ಬಿಚ್ಚಬೇಕು, ಮಡಚಬೇಕು. ಮಳೆಯಲ್ಲಿ ನೆನೆದ ಕ್ಯಾನ್ವಾಸ್ ಹಾಗೇ ಮಡಚಿಟ್ಟರೆ ಬೂಸ್ಟು ಗ್ಯಾರಂಟಿ. ಇನ್ನೊಂದು ತೊಡಕಿದೆ. ಯೆಲ್ಲೋಸ್ಟೋನ್ ಪಾರ್ಕಿನೊಳಗೆ ನೀರು, ಕರೆಂಟು, ಕೊಳಚೆ ಪೈಪು ಮೂರೂ ಸಿಗುವುದು ಫಿಶಿಂಗ್ ಬ್ರಿಜ್ ಎಂಬ ಕ್ಯಾಂಪ್ ಜಾಗದಲ್ಲಿ ಮಾತ್ರ. ಅಲ್ಲಿ ಕರಡಿಗಳ ಓಡಾಟ. ಹಾಗಾಗಿ ಕ್ಯಾನ್ವಾಸ್ ಗೋಡೆಯವಕ್ಕೆ ಜಾಗವೇ ಕೊಡುವುದಿಲ್ಲ!

ಗಟ್ಟಿ ಗೋಡೆಯದಾದರೆ ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಅನ್ನಕ್ಕಿಡಬಹುದು. ಸಾಮಾನ್ಯವಾಗಿ ಟಾಯ್ಲೆಟ್ ಒಳಗೇ ಇರುತ್ತದೆ. ನಡುರಾತ್ರಿ ಮಗು ಎದ್ದಾಗ ಅದರ ಬೆಲೆ ಗೊತ್ತಾಗುತ್ತದೆ, ಅಲ್ವಾ? ತೂಕ ಜಾಸ್ತಿ, ಪೆಟ್ರೋಲ್ ಖರ್ಚೂ ಜಾಸ್ತಿ. ಟ್ರೈಲರ್ ತೂಕದ ಶೇ. 10ರಿಂದ 15ರಷ್ಟು ಹಿಚ್ (ಕಾರಿಗೆ ಟ್ರೈಲರ್ ಜೋಡಿಸುವ ಕೊಂಡಿ) ಮೇಲೆ ಬೀಳಬೇಕು. ಕಡಿಮೆಯಾದರೆ ಹೈವೇಯಲ್ಲಿ ಹಿಂಭಾಗ ಓಲಾಡುತ್ತದೆ. ಅಕ್ಕಿ ಚೀಲ, ನೀರಿನ ಕ್ಯಾನ್ ಎಲ್ಲಾ ಸುಮ್ನೆ ಹಿಂದೆ ತುರುಕಬೇಡಿ.

ಒಂದೇ ಕಡೆ ನಾಲ್ಕೈದು ದಿನ ಇರುವವರಿಗೆ ಪಾಪ್‌ಅಪ್ ಸಾಕು. ದಿನಾ ಜಾಗ ಬದಲಿಸುವುದಾದರೆ ನನ್ನ ಓಟು ಗಟ್ಟಿಯದಕ್ಕೇ. ಯಾವುದೇ ಇರಲಿ, ಹೊರಡುವ ಮುಂಚೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ರಿವರ್ಸ್ ಹಾಕಿ ಅಭ್ಯಾಸ ಮಾಡಿಕೊಳ್ಳಿ.