ಗೆಲುವು ಖಚಿತವೆಂದು ನಂಬಿದ ವಾರ್ಡು ಕೈತಪ್ಪಿದ ಬಗೆ: ಪಂಚಾಯತ ಚುನಾವಣೆಗೆ ಮುನ್ನ ಒಂದು ಎಚ್ಚರಿಕೆ

ಗ್ರಾಮ ಪಂಚಾಯತ ಚುನಾವಣೆಗೆ ನಿಲ್ಲುವವರು, ನಿಲ್ಲಿಸುವವರು ಮತ್ತು ಅವರ ಪರವಾಗಿ ಮನೆಮನೆ ತಿರುಗುವವರು ಓದಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. 2020ರ ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ, ಕುಮಟಾ ತಾಲೂಕಿನ ಅಘನಾಶಿನಿ ಹೊಳೆಯಂಚಿನ ನಮ್ಮ ವಾರ್ಡಿನಿಂದ ಸ್ಪರ್ಧಿಸಿದ್ದ ಒಬ್ಬ ಮಹಿಳೆ ಎರಡಂಕಿಯನ್ನೂ ಮುಟ್ಟದ ಅಂತರದಲ್ಲಿ ಸೋತರು. ಅವರ ಗೆಲುವನ್ನು ಎದುರಾಳಿಗಳೂ ಒಳಗೊಳಗೇ ಒಪ್ಪಿಕೊಂಡಿದ್ದರು. ಊರಿನಲ್ಲಿ ಅವರಿಗೆ ವಿರೋಧವೇನೂ ಹೆಚ್ಚಿರಲಿಲ್ಲ; ಅವರ ಪರವಾಗಿದ್ದವರಲ್ಲೇ ಬಹಳ ಮಂದಿ ಆ ದಿನ ಮತಗಟ್ಟೆಯ ಕಡೆ ಸುಳಿಯಲಿಲ್ಲ. ಇಂಥ ಸೋಲು ಇನ್ನೊಂದು ಊರಿಗೆ ಬರಬಾರದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಊರಿನಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ನಮ್ಮ ಕಡೆ ಹೊಳೆಯಂಚಿನ ಕೇರಿಗಳ ಬಾವಿಗಳು ಬೇಸಿಗೆ ಏರುತ್ತಿದ್ದಂತೆ ಉಪ್ಪಾಗುತ್ತವೆ, ಗಜನಿಯ, ಅಂದರೆ ಹೊಳೆಯ ಉಪ್ಪುನೀರು ಏರಿಬರುವ ತಗ್ಗು ಗದ್ದೆಯ, ಒಡ್ಡು ಒಡೆದ ವರ್ಷವಂತೂ ಮೇಲಿನ ಕೇರಿಯ ಬಾವಿಗೂ ಸವಳು ತಾಗುತ್ತದೆ. ಆ ನೀರಿನ ಸಲುವಾಗಿ ಪಂಚಾಯತ ಕಚೇರಿಗೂ ತಾಲೂಕು ಕಚೇರಿಗೂ ವರ್ಷಗಟ್ಟಲೆ ಅರ್ಜಿ ಹಿಡಿದು ನಡೆದವರು ಅವರು. ಆದ್ದರಿಂದಲೇ ಅವರು ನಾಮಪತ್ರ ಹಾಕಿದ ದಿನದಿಂದ ವಾರ್ಡಿನಲ್ಲಿ ಒಂದೇ ಮಾತು ಕೇಳಿಬರುತ್ತಿತ್ತು: ಈ ಸಲ ಅಕ್ಕನದೇ. ಚಹಾ ಅಂಗಡಿಯಲ್ಲಿ, ಮೀನು ಮಾರುವಲ್ಲಿ, ದೇವಸ್ಥಾನದ ಅಂಗಳದಲ್ಲಿ, ಕೊನೆಗೆ ವಾಟ್ಸಾಪ್ ಗುಂಪಿನಲ್ಲಿ ಮತದಾನಕ್ಕೆ ಮೊದಲೇ ಅಭಿನಂದನೆಯ ಚಿತ್ರಗಳಲ್ಲಿಯೂ ಅದೇ ಮಾತು ಹರಿದಾಡಿತು. ಅದು ಎದುರಾಳಿಯ ಬಳಗವನ್ನು ಹೆದರಿಸಲಿಲ್ಲ. ಅವರನ್ನು ಎಚ್ಚರಿಸಿತು, ನಮ್ಮವರನ್ನು ಮಲಗಿಸಿತು.

ಪ್ರಚಾರದ ಕೊನೆಯ ದಿನಗಳಲ್ಲಿ ಮನೆಮನೆಗೆ ಹೋದಾಗ ಸಿಕ್ಕ ಉತ್ತರಗಳನ್ನು ನೆನೆದರೆ ಈಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. "ನಮ್ಮ ಮನೆದು ಬಿಡಿ, ನೀವು ಆಚೆ ಕೇರಿ ನೋಡ್ಕೊಳ್ಳಿ" ಎಂದು ಹಿರಿಯರೊಬ್ಬರು ಪ್ರೀತಿಯಿಂದಲೇ ಹೇಳಿ ಕಳಿಸಿದರು. ಆಚೆ ಕೇರಿಯವರು ಈಚೆ ಕೇರಿಯನ್ನು ತೋರಿಸಿದರು. ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರೊಬ್ಬರು, "ಹೆಂಗೂ ಅಕ್ಕನೇ ಬರುದು, ನಮ್ಮೊಂದು ಓಟಿಂದ ಏನಾಗ್ತದೆ?" ಎಂದು ನಕ್ಕರು. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಎಲ್ಲರ ಮನಸ್ಸೂ ಅಕ್ಕನ ಕಡೆಗೇ ಇತ್ತು. ಮತ ಕೇಳಲು ಬಂದವರನ್ನು ಇಷ್ಟು ವಿಶ್ವಾಸದಿಂದ ಬೀಳ್ಕೊಡುವ ಮನೆಯ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಚಿಂತಿಸಬೇಕಾದದ್ದು ಮಾತ್ರ ಆ ಮನೆಗಳ ಬಗ್ಗೆಯೇ.

ಲೆಕ್ಕ ಎಲ್ಲಿ ತಪ್ಪಿತು ಎಂಬುದು ಮತದಾರರ ಪಟ್ಟಿಯನ್ನು ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಅಕ್ಕನ ಪರವಾಗಿ ಓಡಾಡಿದ ಬಳಗವು ಪಟ್ಟಿಯ ಜೆರಾಕ್ಸ್ ಪ್ರತಿಯಲ್ಲಿ ಮನೆಗೊಂದರಂತೆ ಕೆಂಪು ಶಾಯಿಯ ಗುರುತು ಹಾಕಿತ್ತು. ಮನೆಯ ಯಜಮಾನರು ನಮ್ಮವರಾದರೆ ಆ ಮನೆಯ ಅಷ್ಟೂ ಹೆಸರುಗಳು ನಮ್ಮವು ಎಂಬ ಎಣಿಕೆ. ಹಾಗೆ ಗುರುತು ಬಿದ್ದ ಒಂದು ಮನೆಯಲ್ಲಿ ಆರು ಹೆಸರುಗಳಿದ್ದವು. ಹಿರಿಯ ಮಗ ಮಡಗಾಂವಿನಲ್ಲಿ ಕೆಲಸಕ್ಕಿದ್ದ, ಕಿರಿಯವನು ಬೆಂಗಳೂರಿನಲ್ಲಿ. ಮಗಳು ಮದುವೆಯಾಗಿ ಅಂಕೋಲಾಕ್ಕೆ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದರೂ ಹೆಸರು ಇಲ್ಲಿಯೇ ಉಳಿದಿತ್ತು. ಅಜ್ಜಿಗೆ ಮಂಡಿನೋವು, ಮತಗಟ್ಟೆಯಿದ್ದ ಶಾಲೆಗೆ ಏರುದಾರಿ. ಯಜಮಾನರ ಹೆಂಡತಿ ಅಜ್ಜಿಯನ್ನು ಒಬ್ಬಳನ್ನೇ ಬಿಟ್ಟು ಹೊರಡಲು ಮನಸ್ಸಾಗದೆ ಮನೆಯಲ್ಲೇ ಉಳಿದರು. ಕೊನೆಗೆ ಆ ಮನೆಯಿಂದ ಪೆಟ್ಟಿಗೆಗೆ ಬಿದ್ದದ್ದು ಯಜಮಾನರ ಒಂದೇ ಮತ, ಕೆಂಪು ಗುರುತಿನ ಲೆಕ್ಕದಲ್ಲಿ ಮಾತ್ರ ಆರು. ಇಂಥ ಮನೆಗಳು ಒಂದು ಕೇರಿಯಲ್ಲಿ ನಾಲ್ಕೈದು ಇದ್ದರೆ ಸಾಕು, ಗೆದ್ದ ವಾರ್ಡು ಸೋಲುತ್ತದೆ.

ಆ ವರ್ಷ ಇನ್ನೊಂದು ಸಂಗತಿಯೂ ಕಣ್ಣು ಕಟ್ಟಿತು. ಲಾಕ್‌ಡೌನಿನಲ್ಲಿ ಬೆಂಗಳೂರು, ಮುಂಬಯಿ, ಗೋವಾಗಳಿಂದ ಊರಿಗೆ ಬಂದವರಿಂದ ಮಳೆಗಾಲದುದ್ದಕ್ಕೂ ಮನೆಗಳು ತುಂಬಿದ್ದವು. ಕ್ರಿಕೆಟ್ ಆಡುವ ಹುಡುಗರು, ಒಡ್ಡಿನ ಮೇಲೆ ಸಂಜೆ ಕೂರುವ ಹುಡುಗರು ಎಲ್ಲರೂ ಅಕ್ಕನ ಪರವಾಗಿಯೇ ಮಾತನಾಡುತ್ತಿದ್ದರು. ಆದರೆ ದೀಪಾವಳಿ ಕಳೆದು ಚುನಾವಣೆ ಘೋಷಣೆಯಾಗುವ ಹೊತ್ತಿಗೆ ಕಂಪನಿಗಳು ಕರೆದಿದ್ದವು, ಬಹಳಷ್ಟು ಮಂದಿ ಮರಳಿ ಹೋಗಿಯಾಗಿತ್ತು. ಬಳಗದ ಮನಸ್ಸಿನಲ್ಲಿದ್ದ ಊರು ಜುಲೈ ತಿಂಗಳಿನದು, ಮತ ಹಾಕಬೇಕಾಗಿದ್ದ ಊರು ಡಿಸೆಂಬರಿನದು. ಹೊರಗಿದ್ದವರಿಗೆ ದೂರವಾಣಿ ಮಾಡಿ ಕರೆಸುವ ಮಾತು ಬಂದಾಗ, ಇಷ್ಟು ಸುಲಭದ ಗೆಲುವಿಗೆ ಆ ಮಕ್ಕಳ ರಜೆ, ಬಸ್ಸಿನ ದುಡ್ಡು ಏಕೆ ಹಾಳುಮಾಡಬೇಕು ಎಂದು ಹಿರಿಯರೇ ತಡೆದರು. ಅದರ ಹಿಂದೆ ಇದ್ದದ್ದು ಕಾಳಜಿಯೇ ಎಂದು ನನಗೆ ಗೊತ್ತು. ಅತಿಯಾದ ಭರವಸೆ ಎಷ್ಟೋ ಬಾರಿ ಒಳ್ಳೆಯ ಮನಸ್ಸಿನ ಜೊತೆಯಲ್ಲೇ ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ.

ಮತದಾನದ ದಿನ ಬೆಳಿಗ್ಗೆ ಸಾಲು ಚೆನ್ನಾಗಿಯೇ ಇತ್ತು. ಅದನ್ನು ಕಂಡು ಬಳಗದ ಅರ್ಧ ಜನ ಊಟಕ್ಕೆಂದು ಮನೆಗೆ ಹೋದರು. ಎದುರಾಳಿಯ ಕಡೆಯವರು ಮಾತ್ರ ಮತಗಟ್ಟೆಯಿಂದ ದೂರದ ಒಂದು ಜಗಲಿಯಲ್ಲಿ ಪಟ್ಟಿ ಹರಡಿಕೊಂಡು, ಯಾರು ಮತ ಹಾಕಿ ಬಂದರು, ಯಾರು ಉಳಿದರು ಎಂದು ಹೆಸರುಹೆಸರಿಗೆ ಗೆರೆ ಎಳೆಯುತ್ತ ಕುಳಿತಿದ್ದರು. ಮಧ್ಯಾಹ್ನ ಸಾಲು ಕರಗಿದಾಗ ಉಳಿದ ಹೆಸರುಗಳ ಮನೆಗಳಿಗೆ ಒಬ್ಬೊಬ್ಬರು ನಡೆದು ಹೋಗಿ ಕರೆದು ಬಂದರು. ನಮ್ಮ ಕಡೆ ಹೊಳೆಗೆ ಇಳಿದಿದ್ದ ಬಳಚಿನ ಹೆಂಗಸರು ಇಳಿತ ಮುಗಿಯುವವರೆಗೆ ಮೇಲೆ ಬರಲಿಲ್ಲ. ಬಂದ ಮೇಲೆ ಸ್ನಾನ, ಅಡುಗೆ, ಆಮೇಲೆ ಹೋದರಾಯಿತು ಎಂದುಕೊಂಡರು. ಕುಮಟಾ ಪೇಟೆಯ ಅಂಗಡಿಗಳಲ್ಲಿ ದುಡಿಯುವ ಹುಡುಗರು, ಮತದಾನ ಸಂಜೆ 6ರವರೆಗೆ ಇರುತ್ತದೆಂದು ವಿಧಾನಸಭಾ ಚುನಾವಣೆಯ ರೂಢಿಯಲ್ಲೇ ನಂಬಿದ್ದರು. ಆ ಪಂಚಾಯತ ಚುನಾವಣೆಯಲ್ಲಿ ಸಮಯವಿದ್ದದ್ದು ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ. ಸಮಯ ಮುಗಿಯುವಾಗ ಸಾಲಿನಲ್ಲಿದ್ದವರಿಗೆಲ್ಲ ಮತ ಹಾಕುವ ಅವಕಾಶ ಸಿಕ್ಕಿತು, ಗೇಟು ಮುಚ್ಚಿದ ಮೇಲೆ ಬೈಕು ಓಡಿಸಿಕೊಂಡು ಬಂದವರು ಹೊರಗೆ ನಿಂತು ವಾಪಸಾದರು. ಅವರ ಮುಖಗಳನ್ನು ನೋಡಿದವರಿಗೆ ಫಲಿತಾಂಶ ಎಣಿಕೆಗೆ ಮೊದಲೇ ತಿಳಿದಿರಬೇಕು.

ಎಣಿಕೆಯಲ್ಲಿ ತಿರಸ್ಕೃತ ಮತಗಳೂ ಇದ್ದವು. ನಮ್ಮಲ್ಲಿ ಆ ಚುನಾವಣೆ ನಡೆದದ್ದು ಮತಪತ್ರದಲ್ಲಿ, ಯಂತ್ರದಲ್ಲಲ್ಲ. ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವ ವಾರ್ಡಿನಲ್ಲಿ ಮತದಾರನಿಗೆ ಸ್ಥಾನಗಳಷ್ಟೇ ಮತಗಳಿರುವುದರಿಂದ ಎಲ್ಲಿ ಎಷ್ಟು ಮುದ್ರೆ ಒತ್ತಬೇಕೆಂಬುದನ್ನು ಮೊದಲೇ ತೋರಿಸಿಕೊಡಬೇಕಾಗುತ್ತದೆ. ಗೆದ್ದಾಯಿತು ಎಂದುಕೊಂಡ ಬಳಗ ಅದನ್ನೂ ಮಾಡಲಿಲ್ಲ.

ಇದು ನಮ್ಮ ಒಂದು ವಾರ್ಡಿನ ದುರದೃಷ್ಟವೆಂದು ಯಾರೂ ತಳ್ಳಿಹಾಕಬಾರದು. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಒಂದು ಮತದಿಂದ ಸೋಲಿಸಿದರು; ಸೋತವರ ವಾಹನದ ಚಾಲಕನಿಗೇ ಆ ದಿನ ಮತ ಹಾಕಲಾಗಿರಲಿಲ್ಲವೆಂಬ ಸಂಗತಿ ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿದೆ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿಯವರೂ ಒಂದೇ ಮತದಿಂದ ಸೋತರು, ಆಗ ಅವರು ತಮ್ಮ ಪಕ್ಷದ ರಾಜ್ಯಾಧ್ಯಕ್ಷರಾಗಿದ್ದರು. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶವನ್ನು 16 ಮತಗಳು ತೀರ್ಮಾನಿಸಿದವು. ಅದೇ ಚುನಾವಣೆಯಲ್ಲಿ ನಮ್ಮ ಕುಮಟಾ ಕ್ಷೇತ್ರದ ಅಂತರ 700ನ್ನೂ ದಾಟಲಿಲ್ಲ. ಕುಮಟಾ, ಹೊನ್ನಾವರ ಸೇರಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿರುವ ಕ್ಷೇತ್ರವಿದು. ಹಂಚಿ ನೋಡಿದರೆ ಒಂದು ಮತಗಟ್ಟೆಗೆ ಮೂರು ಮತಗಳ ಆಸುಪಾಸು. ಅಂದರೆ ಒಂದು ಮನೆಯ ಅಜ್ಜಿ, ಅವಳನ್ನು ನೋಡಿಕೊಳ್ಳಲು ಉಳಿದ ಸೊಸೆ, ಮಡಗಾಂವಿನಲ್ಲಿರುವ ಮಗ. ಗ್ರಾಮ ಪಂಚಾಯತದಲ್ಲಂತೂ ಮತಗಳು ಸಮವಾಗಿ ಚೀಟಿ ಎತ್ತಿ ಗೆದ್ದವರನ್ನು ನಿರ್ಧರಿಸುವುದೂ ಉಂಟು.

ಹೊರಗಿರುವವರನ್ನು ಕರೆಸುವ ವಿಷಯದಲ್ಲಿ ನಮ್ಮ ಕರಾವಳಿಯವರು ತಿಳಿದಿರಬೇಕಾದ ಒಂದು ಮಾತಿದೆ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಮತ ಹಾಕುವ ಹಕ್ಕುಳ್ಳ ನೌಕರರಿಗೆ ಸಂಬಳಸಹಿತ ರಜೆ ಕೊಡಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಹೇಳುತ್ತದೆ. 2023ರ ಮೇ 10ರ ವಿಧಾನಸಭಾ ಮತದಾನಕ್ಕೆ ಗೋವಾ ಸರ್ಕಾರವು ಅಲ್ಲಿ ದುಡಿಯುವ ಕರ್ನಾಟಕದ ಮತದಾರರಿಗೂ ಅಂಥ ರಜೆ ಘೋಷಿಸಿತ್ತು. ಪಂಚಾಯತ ಚುನಾವಣೆಗೆ ಗೋವಾದ ಮಾಲೀಕರು ಹಾಗೆಯೇ ರಜೆ ಕೊಡುತ್ತಾರೆಂದು ನಂಬಿ ಕೂರಬಾರದು. ದಿನಾಂಕ ಪ್ರಕಟವಾದ ಕೂಡಲೇ ಆ ಮಕ್ಕಳಿಗೆ ತಿಳಿಸಿದರೆ ಅವರು ವಾರದ ರಜೆಯನ್ನು ಬದಲಿಸಿಕೊಂಡಾದರೂ ಬರುತ್ತಾರೆ. ಹಿಂದಿನ ದಿನ ರಾತ್ರಿ ದೂರವಾಣಿ ಮಾಡಿದರೆ ಬರಲಾರರು.

ವಯಸ್ಸಾದವರ ಬಗ್ಗೆಯೂ ಹೀಗೆಯೇ. 2024ರ ಲೋಕಸಭಾ ಚುನಾವಣೆಯಲ್ಲಿ 85 ವರ್ಷ ದಾಟಿದವರಿಗೂ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ 12ಡಿ ನಮೂನೆ ತುಂಬಿಕೊಟ್ಟರೆ ಮನೆಯಲ್ಲೇ ಮತ ಹಾಕುವ ಅವಕಾಶವಿತ್ತು. ಅಧಿಕಾರಿಗಳು ಪಂಚಾಯತ ಚುನಾವಣೆಗೂ ಮನೆಗೆ ಬರುತ್ತಾರೆಂದು ಕಾಯುವ ಅಜ್ಜ ಅಜ್ಜಿಯರು ಈಗ ಊರೂರಿನಲ್ಲಿದ್ದಾರೆ. ಅವರಿಗೆ ನಿಜಸ್ಥಿತಿಯನ್ನು ವಿಚಾರಿಸಿ ತಿಳಿಸುವುದು, ಅವರದೇ ಮನೆಯವರು ಅವರನ್ನು ಕರೆತರುವ ಏರ್ಪಾಡು ಮಾಡಿಸುವುದು ಬಳಗದ ಕೆಲಸ. ಆದರೆ ಅಭ್ಯರ್ಥಿಯ ಕಡೆಯಿಂದ ರಿಕ್ಷಾ, ಟೆಂಪೊ ಬಾಡಿಗೆಗೆ ಹಿಡಿದು ಮತದಾರರನ್ನು ಸಾಗಿಸಲು ಮಾತ್ರ ಯಾರೂ ಮುಂದಾಗಬೇಡಿ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಅದು ಅದೇ ಕಾಯ್ದೆಯ 123(5)ನೇ ಕಲಮಿನಂತೆ ಭ್ರಷ್ಟ ಆಚರಣೆ. ಗೆದ್ದ ಚುನಾವಣೆಯೂ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಮತದಾರರು ತಾವೇ ಕೂಡಿ ಬಾಡಿಗೆ ಕೊಟ್ಟುಕೊಂಡು ಬರುವುದಕ್ಕೆ ಅಡ್ಡಿಯಿಲ್ಲ.

ಗೆದ್ದವರ ಬಗ್ಗೆ ನನಗೆ ದೂರಿಲ್ಲ. ಅವರು ತಮ್ಮ ಒಂದೊಂದು ಮತವನ್ನೂ ದುಡಿದು ಪಡೆದರು. ನೋವಿರುವುದು ಹೊಳೆಯಂಚಿನ ಕೇರಿಯ ಬಗ್ಗೆ. ಆ ಕೇರಿಯ ನೀರಿನ ಮಾತನ್ನು ಪಂಚಾಯತದ ಸಭೆಯಲ್ಲಿ ಪಟ್ಟುಹಿಡಿದು ಎತ್ತುವವರು ಮುಂದಿನ ಐದು ವರ್ಷ ಇರಲಿಲ್ಲ. ಅಕ್ಕ ಆಮೇಲೂ ಅರ್ಜಿ ಬರೆದರು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದರು. ಸದಸ್ಯರ ಕುರ್ಚಿಯಿಂದ ಕೇಳುವುದಕ್ಕೂ ಜನರ ನಡುವಿನಿಂದ ಕೇಳುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಏಪ್ರಿಲ್ ತಿಂಗಳಿನಲ್ಲಿ ಮೇಲಿನ ಕೇರಿಯಿಂದ ಕೊಡ ಹೊತ್ತು ತರುವ ಹೆಂಗಸರು ಚೆನ್ನಾಗಿ ಬಲ್ಲರು. ಅವರಲ್ಲಿ ಕೆಲವರು ಆ ದಿನ ಮತ ಹಾಕದೆ ಉಳಿದವರು ಎಂಬುದನ್ನು ನೆನೆದಾಗ ನನಗೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ. ಏಕೆಂದರೆ ಅವರನ್ನು ಕರೆಯಲು ಯಾರೂ ಹೋಗಿರಲಿಲ್ಲ.

ಈ ಬಾರಿ ಯಾವ ಊರಿನಲ್ಲಾದರೂ "ನಮ್ಮದು ಗೆದ್ದಾಯಿತು" ಎಂಬ ಮಾತು ಹಬ್ಬತೊಡಗಿದರೆ ಅದನ್ನು ನಿಲ್ಲಿಸುವ ಧೈರ್ಯವನ್ನು ಅಭ್ಯರ್ಥಿಯೇ ಮಾಡಬೇಕು. ತನ್ನ ಬಾಯಿಂದಲೇ "ಇನ್ನೂ ಹತ್ತು ಮತ ಕಡಿಮೆ ಬೀಳುತ್ತಿವೆ, ನೀವು ಬರಲೇಬೇಕು" ಎಂದು ಪ್ರತಿ ಮನೆಯಲ್ಲೂ ಹೇಳಬೇಕು. ಮತದಾನದ ದಿನ ಮಧ್ಯಾಹ್ನ ಎರಡು ಗಂಟೆಗೆ ಪಟ್ಟಿಯಲ್ಲಿ ಗೆರೆ ಬೀಳದ ಹೆಸರುಗಳನ್ನು ಕೇರಿಗೊಬ್ಬರಂತೆ ಹಂಚಿಕೊಂಡು ಹೊರಡಬೇಕು, ಹೊಳೆಗೆ ಇಳಿದವರಿದ್ದರೆ ಹೊಳೆಯ ತನಕವೂ ಹೋಗಬೇಕು. ಮತದಾನ ಮುಗಿಯುವ ಸಮಯವನ್ನು ಅಧಿಸೂಚನೆಯಲ್ಲಿ ನೋಡಿ, ಪೇಟೆಗೆ ದುಡಿಯಲು ಹೋಗುವ ಪ್ರತಿಯೊಬ್ಬರಿಗೂ ಹಿಂದಿನ ಸಂಜೆಯೇ ಹೇಳಬೇಕು.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಪಟ್ಟಿಯದು. ಪಂಚಾಯತದ ಮತದಾರರ ಪಟ್ಟಿಯನ್ನು ವಿಧಾನಸಭಾ ಪಟ್ಟಿಯಿಂದಲೇ ವಾರ್ಡುವಾರು ವಿಂಗಡಿಸಿ ಸಿದ್ಧಪಡಿಸುತ್ತಾರೆ. ಹಾಗಾಗಿ ಅಲ್ಲಿ ಇಲ್ಲದ ಹೆಸರು ಇಲ್ಲಿಯೂ ಇರುವುದಿಲ್ಲ, ವಿಂಗಡಿಸುವಾಗ ಒಂದೇ ಮನೆಯವರು ಎರಡು ವಾರ್ಡುಗಳಿಗೆ ಹಂಚಿಹೋಗುವುದೂ ಉಂಟು. ಹೊಸದಾಗಿ ಸೇರಿಸಲು 6ನೇ ನಮೂನೆ, ವಿಳಾಸ ಬದಲಿಗೆ ಮತ್ತು ತಿದ್ದುಪಡಿಗೆ 8ನೇ ನಮೂನೆ. ನಿಮ್ಮ ಭಾಗದ ಮತಗಟ್ಟೆ ಮಟ್ಟದ ಅಧಿಕಾರಿಯನ್ನು (ಬಿಎಲ್‌ಒ) ಕೇಳಿದರೆ ಅಥವಾ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಕರಡು ಪಟ್ಟಿ ಪ್ರಕಟವಾದ ವಾರದಲ್ಲೇ ಕೇರಿಯ ಪ್ರತಿ ಮನೆಯನ್ನೂ ಬಲ್ಲ ಒಬ್ಬ ಹಿರಿಯರನ್ನು ಕೂರಿಸಿಕೊಂಡು, ಊರಿನಲ್ಲಿರುವವರು ಯಾರು, ಹೊರಗಿರುವವರ ದೂರವಾಣಿ ಸಂಖ್ಯೆ ಯಾವುದು, ನಡೆಯಲಾರದವರನ್ನು ಕರೆತರುವ ಮನೆಯವರು ಯಾರು ಎಂದು ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಬರೆದಿಡಿ. ಈ ಕೆಲಸಕ್ಕೆ ಅಭ್ಯರ್ಥಿ ಯಾರೆಂದು ತೀರ್ಮಾನವಾಗುವ ತನಕ ಕಾಯಬೇಕಾಗಿಲ್ಲ.